ಚಕ್ಕೋತದ ಎಣ್ಣೆ ತೆಗೆದವರು

ಅವರ ಬಲಗೈಯ ಮೂರು ಬೆರಳುಗಳ ತುದಿ ಸದಾ ಹಳದಿಯಾಗಿರುತ್ತಿತ್ತು, ಈಗಷ್ಟೇ ಸಾರನ್ನ ಉಂಡು ಕೈ ಸರಿಯಾಗಿ ತೊಳೆಯದವರ ಹಾಗೆ. ನಾನೂ ಮೊದಲ ದಿನ ಹಾಗೇ ಅಂದುಕೊಂಡು, “ಊಟ ಆಯ್ತಾ?” ಎಂದು ಕೇಳಿದ್ದೆ. ಅವರು ತಮ್ಮ ಬೆರಳುಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, “ಇದು ಸಾರಲ್ಲ ಸಾರ್, ನೈಟ್ರಿಕ್ ಆಸಿಡ್ಡು. ಚರ್ಮಕ್ಕೆ ಹಿಡಿದ್ರೆ ತೊಳೆದ್ರೂ ಹೋಗಲ್ಲ. ಹಳೇ ಚರ್ಮ ಉದುರೋ ಹೊತ್ಗೆ ಹೊಸದಾಗಿ ಬಿದ್ದಿರುತ್ತೆ” ಎಂದರು.

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ದೇವನಹಳ್ಳಿಯ ಒಂದು ಕಾಲೇಜಿಗೆ ನಾನು ರಸಾಯನಶಾಸ್ತ್ರದ ಹೊಸ ಲೆಕ್ಚರರ್ ಆಗಿ ಬಂದಿದ್ದೆ. ಅವರು ಅಲ್ಲಿನ ಲ್ಯಾಬ್ ಅಟೆಂಡರ್. ನನಗೆ ಇಪ್ಪತ್ತಾರು, ಅವರಿಗೆ ಐವತ್ತು ದಾಟಿತ್ತು. ಆದರೂ ಅವರು ನನ್ನನ್ನು ಸಾರ್ ಎನ್ನುತ್ತಿದ್ದರು, ನಾನು ಅವರನ್ನು ನೀನು ಎನ್ನುತ್ತಿದ್ದೆ. ಕಾಲೇಜಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು, ಎರಡೇ ದಿನದಲ್ಲಿ ನನಗೂ ಅದು ರೂಢಿಯಾಯಿತು. ಈಗ ಬರೆಯಲು ಕೂತಾಗ ಕೈ ತಾನಾಗಿಯೇ ಅವರು ಎಂದು ಬರೆಯುತ್ತಿದೆ. ಆದರೆ ಆಗ ಆಡಿದ ಮಾತುಗಳನ್ನು ತಿದ್ದುವುದಿಲ್ಲ, ಆಡಿದ ಹಾಗೆಯೇ ಇಡುತ್ತೇನೆ.

ನಮ್ಮ ಮನೆ ದೊಡ್ಡಬಳ್ಳಾಪುರದಲ್ಲಿ. ಮುಂದಿನ ಅಂಕಣದಲ್ಲಿ ನಾಲ್ಕು ಪವರ್‌ಲೂಮ್, ಹಿಂದೆ ಅಡಿಗೆಮನೆ, ನಡುವಿನ ಒಂದು ಕೋಣೆಯಲ್ಲಿ ಅಣ್ಣಂದಿರ ಸಂಸಾರ. ಮಗ್ಗದ ಸದ್ದಿನಲ್ಲಿ ಓದಲು ಆಗುವುದಿಲ್ಲವೆಂದು ಮನೆಯಲ್ಲಿ ಹೇಳಿ ದೇವನಹಳ್ಳಿಯಲ್ಲೇ ಒಂದು ಬಾಡಿಗೆ ಕೋಣೆ ಹಿಡಿದೆ. ಹುಟ್ಟಿದಂದಿನಿಂದ ಆ ಸದ್ದಿನಲ್ಲೇ ಬೆಳೆದವನಿಗೆ ಅದಿಲ್ಲದ ಕೋಣೆ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಒಳಗೆ ಕಾಲಿಟ್ಟರೆ ನನ್ನ ಚಪ್ಪಲಿಯ ಸದ್ದೇ ನನಗೆ ಕೇಳುತ್ತಿತ್ತು. ಹಾಗಾಗಿ ಕ್ಲಾಸು ಮುಗಿದ ಮೇಲೂ ಲ್ಯಾಬಿನಲ್ಲೇ ಉಳಿಯತೊಡಗಿದೆ. ಅವರೂ ಅಲ್ಲೇ ಇರುತ್ತಿದ್ದರು.

ಅವರು ಓದಿದ್ದು ಏಳನೇ ಕ್ಲಾಸು. ಗಾಜು ತೊಳೆಯಲು ಸೇರಿಕೊಂಡವರು, ಅಲ್ಲೇ ಕೂದಲು ಹಣ್ಣಾಗಿದ್ದರು. ಇಂಗ್ಲಿಷ್ ಓದಲು ಬರುತ್ತಿರಲಿಲ್ಲ, ಆದರೆ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವು. ಬಾಟಲಿಗಳ ಮೇಲಿನ ಚೀಟಿಗಳೇ ಅವರ ಪಠ್ಯಪುಸ್ತಕ. ಒಂದೊಂದನ್ನೇ ಒರೆಸಿ ಕಪಾಟಿನಲ್ಲಿಡುವಾಗ ಅದರ ಹೆಸರನ್ನು ಮೆಲ್ಲಗೆ ಹೇಳುತ್ತಿದ್ದರು: “ಸೋಡಿಯಂ ಸಲ್ಫೇಟು... ಪೊಟ್ಯಾಸಿಯಂ ಐಯೋಡೈಡು...” ಹಾಜರಿ ಕರೆದ ಹಾಗೆ. ಗಲಾಟೆ ಮಾಡುವ ಹುಡುಗರಿಗೆ ಗದರುತ್ತಿರಲಿಲ್ಲ. “ಮೆಲ್ಲಗ್ರಪ್ಪಾ, ಗಾಜು ಬೆಚ್ಚುತ್ತೆ” ಎನ್ನುತ್ತಿದ್ದರು. ಹುಡುಗರು ನಕ್ಕರೂ ದನಿ ತಗ್ಗಿಸುತ್ತಿದ್ದರು.

ಹೆಂಡತಿ ತೀರಿಕೊಂಡು ಆರೇಳು ವರ್ಷವಾಗಿತ್ತು. ಒಬ್ಬಳೇ ಮಗಳು, ಹತ್ತಿರದ ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಗೆ ಮದುವೆಯಾಗಿದ್ದಳು. ತಿಂಗಳಿಗೊಂದು ಭಾನುವಾರ ಅವಳನ್ನು ನೋಡಲು ಹೋಗುತ್ತಿದ್ದರು. ಬೆಳಗಿನ ಬಸ್ಸಿಗೆ ಹೋದವರು ಮಧ್ಯಾಹ್ನದ ಬಸ್ಸಿಗೆ ವಾಪಸ್. ಯಾಕೆ ಒಂದು ದಿನ ಇರಬಾರದು ಎಂದು ಕೇಳಿದರೆ, “ಅವರೆಲ್ಲಾ ಕೆಲಸದಲ್ಲಿರ್ತಾರೆ ಸಾರ್. ನಾನು ಕೂತಿದ್ರೆ ದಾರಿಗೆ ಅಡ್ಡ” ಎಂದಿದ್ದರು. ಯುಗಾದಿಯ ದಿನ ಏನೋ ಮರೆತದ್ದನ್ನು ತರಲು ನಾನು ಕಾಲೇಜಿಗೆ ಹೋದೆ. ಲ್ಯಾಬಿನ ಹಿಂದಿನ ಬಾಗಿಲು ತೆರೆದಿತ್ತು. ಅವರು ಮೆಟ್ಟಿಲ ಮೇಲೆ ಕೂತಿದ್ದರು.

“ಹಬ್ಬದ ದಿನಾನೂ ಬಂದಿದ್ದೀಯಲ್ಲಪ್ಪಾ?”

“ಮನೇಲಿ ಯಾರ ಜೊತೆ ಮಾತಾಡ್ಲಿ ಸಾರ್? ಇಲ್ಲಾದ್ರೆ ಇಷ್ಟು ಬಾಟ್ಲಿ ಇವೆ. ಒಂದೊಂದಕ್ಕೂ ಹೆಸರಿದೆ.”

ನಾನು ನಕ್ಕೆ. ಅವರು ತಮಾಷೆಗೆ ಹೇಳಿರಲಿಲ್ಲ ಎಂದು ತಿಳಿಯುವ ವಯಸ್ಸು ಆಗ ನನ್ನದಾಗಿರಲಿಲ್ಲ.

ದೇವನಹಳ್ಳಿಯ ಚಕ್ಕೋತ ಎಲ್ಲರಿಗೂ ಗೊತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಪಕ್ಕದ ತೋಟದವರು ಒಂದು ಕುಕ್ಕೆ ತುಂಬ ಹಣ್ಣು ತಂದು ಪ್ರಿನ್ಸಿಪಾಲರ ಕೋಣೆಯಲ್ಲಿ ಇಳಿಸುವುದು ವಾಡಿಕೆ. ತಲೆಯಷ್ಟು ದೊಡ್ಡ ಹಣ್ಣು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಸುತ್ತ ಕೂತು ತಿಂದು, ಸಿಪ್ಪೆಯನ್ನು ಮೈದಾನದ ಮೂಲೆಗೆ ಎಸೆಸಿದರು. ಸಂಜೆ ನೋಡಿದರೆ ನಮ್ಮ ಅಟೆಂಡರ್ ಆ ಸಿಪ್ಪೆಯನ್ನೆಲ್ಲ ಒಂದು ಬಕೆಟ್ಟಿಗೆ ಆರಿಸಿ ತುಂಬುತ್ತಿದ್ದರು.

“ಅದ್ಯಾಕೆ? ಹಸುವಿಗಾ?”

“ಹಸು ಎಲ್ಲಿದೆ ಸಾರ್ ನಂಗೆ? ಬನ್ನಿ, ತೋರಿಸ್ತೀನಿ.”

ಲ್ಯಾಬಿನೊಳಗೆ ಸ್ಪಿರಿಟ್ ದೀಪ ಹಚ್ಚಿದರು. ಸಿಪ್ಪೆಯ ಒಂದು ತುಂಡನ್ನು ಹಸಿರು ಭಾಗ ಹೊರಗೆ ಬರುವಂತೆ ಮಡಿಸಿ, ಜ್ವಾಲೆಯ ಪಕ್ಕದಲ್ಲಿ ಹಿಡಿದು ಹಿಸುಕಿದರು. ಕಣ್ಣಿಗೆ ಕಾಣದ ಏನೋ ಚಿಮ್ಮಿ, ಜ್ವಾಲೆಯಲ್ಲಿ ಚಿಟಪಟ ಎಂದು ಕಿಡಿಗಳು ಎದ್ದವು. ಅದರ ಹಿಂದೆಯೇ ಕೋಣೆಯ ತುಂಬ ಚಕ್ಕೋತದ ವಾಸನೆ.

“ಒಳಗಡೆದನ್ನ ಎಲ್ಲರೂ ತಿಂತಾರೆ. ವಾಸನೆ ಇರೋದು ಈ ಮೇಲಿನ ಹಸಿರಲ್ಲಿ. ಇದನ್ನ ಒಂದು ಬಾಟ್ಲೀಲಿ ಹಿಡಿಯೋಕಾಗುತ್ತಾ ಸಾರ್?”

ಇಷ್ಟು ದಿನದಲ್ಲಿ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನಾನು ಉಬ್ಬಿಹೋದೆ. ಇದಕ್ಕೇನು ಮಹಾ, ಪುಸ್ತಕದಲ್ಲೇ ಇದೆ, ಹಬೆಯಲ್ಲಿ ಬಟ್ಟಿ ಇಳಿಸಿದರೆ ಆಯಿತು ಎಂದೆ.

ಮಾರನೆಯ ಸಂಜೆಯಿಂದಲೇ ಶುರುವಾಯಿತು. ಸೀಮೆಎಣ್ಣೆ ಸ್ಟೌ ಮೇಲೆ ದುಂಡು ತಳದ ಫ್ಲಾಸ್ಕು, ಅದರಲ್ಲಿ ಹೆಚ್ಚಿದ ಸಿಪ್ಪೆ ಮತ್ತು ನೀರು. ಮೇಲಿನಿಂದ ಹೊರಟ ಹಬೆ ಕಂಡೆನ್ಸರಿನಲ್ಲಿ ತಣ್ಣಗಾಗಿ ಹನಿಹನಿಯಾಗಿ ಕೆಳಗಿನ ಗಾಜಿಗೆ ಬೀಳುತ್ತಿತ್ತು. ನೀರಿನ ಮೇಲೆ ಎಣ್ಣೆಯ ತೆಳುವಾದ ಪದರ ಕಂಡಾಗ ನಾನು ಚಪ್ಪಾಳೆ ತಟ್ಟಿದೆ. ಅವರು ಗಾಜನ್ನು ಮೂಗಿನ ಹತ್ತಿರ ಹಿಡಿದು ಮತ್ತೆ ಮತ್ತೆ ಮೂಸಿದರು.

“ಇದು ಬೆಂದಿದೆ ಸಾರ್.”

“ಬೆಂದಿದೆ ಅಂದ್ರೆ?”

“ಚಿತ್ರಾನ್ನಕ್ಕೆ ನಿಂಬೆಹುಳಿ ಹಿಂಡಿ ಆಮೇಲೆ ಒಲೆ ಮೇಲಿಟ್ರೆ ಒಂದು ವಾಸನೆ ಬರುತ್ತಲ್ಲ, ಹಾಗೆ. ಹಸಿ ವಾಸನೆ ಸತ್ತೋಗಿದೆ.”

ನನಗೆ ಸಿಟ್ಟು ಬಂತು, ಆದರೆ ಅವರು ಹೇಳಿದ್ದು ಸರಿ. ಸಿಪ್ಪೆಯ ಎಣ್ಣೆಯ ಸೂಕ್ಷ್ಮವಾದ ಅಂಶಗಳು ಬಿಸಿ ತಾಳುವುದಿಲ್ಲ. ಅದೂ ಪುಸ್ತಕದಲ್ಲೇ ಇತ್ತು, ಮುಂದಿನ ಪುಟದಲ್ಲಿ. ಸರಿ, ಬಿಸಿಯೇ ಬೇಡವೆಂದು ಸಿಪ್ಪೆಯನ್ನು ಪೆಟ್ರೋಲಿಯಂ ಈಥರಿನಲ್ಲಿ ನೆನೆಹಾಕಿದೆವು. ಅದು ಬೇಗ ಹೊತ್ತಿಕೊಳ್ಳುತ್ತದೆಂದು ದೀಪ, ಸ್ಟೌ ಎಲ್ಲವನ್ನೂ ಅವರು ಅಂಗಳಕ್ಕೆ ಸಾಗಿಸಿದರು. ಹೊರಗೆ ಕಾಯಿಸಿದ ನೀರನ್ನು ತಂದು, ಅದರಲ್ಲಿ ಬಟ್ಟಲಿಟ್ಟು ಈಥರನ್ನು ಆವಿಯಾಗಿಸಿದೆವು. ಉಳಿದದ್ದು ಮೇಣದಂಥ ಒಂದು ಜಿಡ್ಡು. ಅವರು ಮೂಸಿ ನೋಡಿ, “ಪೆಟ್ರೋಲ್ ಬಂಕು” ಎಂದಷ್ಟೇ ಹೇಳಿದರು.

ಇನ್ನು ಉಳಿದ ದಾರಿ ಕೈಯಿಂದ ಒತ್ತಿ ತೆಗೆಯುವ ಹಳೆಯ ವಿಧಾನ. ನೆನೆಸಿದ ಸಿಪ್ಪೆಯನ್ನು ಸ್ಪಂಜಿಗೆ ಒತ್ತಬೇಕು, ಸಿಡಿದ ಎಣ್ಣೆಯನ್ನು ಸ್ಪಂಜು ಹೀರಿಕೊಳ್ಳುತ್ತದೆ, ಅದನ್ನು ಬಟ್ಟಲಿಗೆ ಹಿಂಡಬೇಕು. ಕಿತ್ತಳೆಗೂ ನಿಂಬೆಗೂ ಇದು ಸರಿ. ಆದರೆ ಚಕ್ಕೋತದ ಹಸಿರು ಸಿಪ್ಪೆಯ ಕೆಳಗೆ ಬೆರಳು ದಪ್ಪದ ಬಿಳಿ ಬೆಂಡು ಇರುತ್ತದೆ. ಸಿಡಿದ ಎಣ್ಣೆಯನ್ನೆಲ್ಲ ಆ ಬೆಂಡೇ ಕುಡಿದುಬಿಡುತ್ತಿತ್ತು. ಒಂದು ವಾರ ಒತ್ತಿದರೂ ಶೀಶೆಯ ತಳ ನೆನೆಯಲಿಲ್ಲ. ನನಗೆ ಬೇಸರ ಬಂತು. ಈ ಹಣ್ಣಿನಿಂದ ಆಗುವುದಿಲ್ಲ ಎಂದು ಹೇಳಿ ಕೈ ತೊಳೆದುಕೊಂಡೆ.

ಅವರು ಬಿಡಲಿಲ್ಲ. ನಾನು ಲ್ಯಾಬಿನ ಈ ತುದಿಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದರೆ, ಆ ತುದಿಯಲ್ಲಿ ಅವರು ಪಕ್ಕದ ತೋಟದಿಂದ ತಂದ ಸಿಪ್ಪೆ ಹಿಡಿದು ಕೂತಿರುತ್ತಿದ್ದರು. ಸುಮಾರು ಎರಡು ತಿಂಗಳು. ಒಂದು ಸೋಮವಾರ ಬೆಳಗ್ಗೆ ನನ್ನ ಮೇಜಿನ ಮೇಲೆ ಗಾಜಿನ ಬಿರಟೆಯ ಒಂದು ಪುಟ್ಟ ಶೀಶೆ ಇತ್ತು. ಒಳಗೆ ಎಳೆಬಿಸಿಲಿನ ಬಣ್ಣದ ಎಣ್ಣೆ. ಬಿರಟೆ ತೆಗೆದೆ. ಮರದ ಕೆಳಗೆ ನಿಂತು ಆಗತಾನೆ ಕಿತ್ತ ಹಣ್ಣಿಗೆ ಉಗುರು ಹಾಕಿದ ಹಾಗಾಯಿತು.

“ಹೇಗೆ ಮಾಡ್ದೆ?”

“ಬೆಂಡನ್ನ ಬ್ಲೇಡಲ್ಲಿ ಹೆರೆದು ಹಾಕ್ದೆ ಸಾರ್, ಕಾಗದದಷ್ಟು ತೆಳ್ಳಗೆ ಬರೋ ತನಕ. ಆದ್ರೆ ಆಗ ಸಿಪ್ಪೆ ಬಟ್ಟೆ ಥರ ಮೆತ್ತಗಾಗುತ್ತೆ, ಒತ್ತಿದ್ರೆ ಸಿಡಿಯಲ್ಲ. ಅದ್ಕೇ ಸುಣ್ಣದ ತಿಳಿನೀರಲ್ಲಿ ನೆನೆಹಾಕ್ದೆ. ಗಟ್ಟಿಯಾಯ್ತು. ಈಗ ಸ್ಪಂಜಿಗೆ ಒತ್ತಿದ್ರೆ ಚಟಚಟ ಅನ್ನುತ್ತೆ.”

“ಸುಣ್ಣದ ನೀರು ಹೇಗೆ ಹೊಳೀತು?”

“ಚಿಕ್ಕೋನಿದ್ದಾಗ ಬೂದುಗುಂಬಳದ ಪೇಠ ಮಿಠಾಯಿ ಮಾಡೋರ ಹತ್ರ ಇದ್ದೆ ಸಾರ್. ಹೋಳುಗಳನ್ನ ಸುಣ್ಣದ ನೀರಲ್ಲಿ ಹಾಕಿಟ್ರೆ ಪಾಕದಲ್ಲಿ ಬೇಯಿಸಿದ್ರೂ ಕರಗ್ತಿರ್ಲಿಲ್ಲ. ಅದು ಜ್ಞಾಪಕ ಬಂತು.”

ನಾನು ಅಷ್ಟಕ್ಕೆ ಬಿಟ್ಟೆ. ಎಷ್ಟು ಚಿಕ್ಕವನಾಗಿದ್ದಾಗ, ಯಾಕೆ, ಎಷ್ಟು ದಿನ ಎಂದೆಲ್ಲ ಕೇಳಲಿಲ್ಲ. ನೋಟ್ ಪುಸ್ತಕ ತೆಗೆದು ಅವರು ಹೇಳಿದ ಕ್ರಮವನ್ನು ಹೇಳಿದ ಹಾಗೇ ಬರೆದುಕೊಂಡೆ. ಸುಣ್ಣದ ನೀರಲ್ಲಿ ಎಷ್ಟು ಹೊತ್ತು, ಆಮೇಲೆ ಎಷ್ಟು ಸಲ ತೊಳೆಯಬೇಕು, ಸ್ಪಂಜಿನಿಂದ ಹಿಂಡಿದ ಬೆಳ್ಳಗಿನ ನೀರನ್ನು ಹೇಗೆ ಅಲುಗಾಡಿಸದೆ ಬಿಟ್ಟರೆ ಎಣ್ಣೆ ತಾನಾಗಿ ಮೇಲೆ ಬಂದು ನಿಲ್ಲುತ್ತದೆ, ಉಳಿದ ತೇವವನ್ನು ಯಾವ ಲವಣ ಹಾಕಿ ತೆಗೆಯಬೇಕು, ಎಲ್ಲವೂ ಅವರಿಗೆ ಬಾಯಿಪಾಠವಾಗಿತ್ತು. ಬರೆದು ಮುಗಿಸಿದ ಮೇಲೆ ಕೇಳಿದೆ: “ಅಲ್ಲಯ್ಯಾ, ಬಟ್ಟಿ ಇಳಿಸಿದ ಎಣ್ಣೆಯೂ ಎಣ್ಣೆಯೇ. ನಿನಗೆ ಈ ಹಸಿ ವಾಸನೆಯೇ ಬೇಕು ಅಂತ ಯಾಕೆ ಹಟ?”

ಅವರು ಶೀಶೆಗೆ ಬಿರಟೆ ಹಾಕಿ, ಅದನ್ನು ಒರೆಸುತ್ತಾ ನಿಂತರು.

“ನಮ್ಮನೆಯವಳು ರೇಷ್ಮೆಗೂಡು ಬೇಯಿಸೋ ಕೆಲಸಕ್ಕೆ ಹೋಗ್ತಿದ್ಲು ಸಾರ್. ಇಡೀ ದಿನ ಕುದಿಯೋ ನೀರಲ್ಲಿ ಕೈ. ಬೆಂದ ಹುಳದ ವಾಸನೆ ಮೈಗೆ ಹತ್ತಿಬಿಡುತ್ತೆ, ಸೋಪು ಹಾಕಿದ್ರೂ ಹೋಗಲ್ಲ. ಅವಳಿಗೆ ನಾಚಿಕೆ. ಬರೋ ದಾರೀಲಿ ಒಂದು ಚಕ್ಕೋತದ ಮರ ಇತ್ತು. ಕೆಳಗೆ ಬಿದ್ದಿದ್ದ ಕಾಯಿ ಸಿಪ್ಪೆ ಸುಲಿದು ಕೈಗೆ, ಕುತ್ತಿಗೆಗೆ ತಿಕ್ಕೊಂಡು ಆಮೇಲೆ ಮನೆ ಒಳಗೆ ಬರೋಳು. ಬೆಂದಿದ್ದು ಅವಳಿಗೆ ದಿನಾ ಇತ್ತು ಸಾರ್. ನಂಗೆ ಬೇಕಾಗಿದ್ದು ಅದಲ್ಲ.”

ಅಷ್ಟು ಹೇಳಿ ಬಕೆಟ್ ಎತ್ತಿಕೊಂಡು ಹೊರಗೆ ಹೋದರು. ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ.

ಅದೇ ಸಮಯಕ್ಕೆ ಬೆಂಗಳೂರಿನಲ್ಲಿ ರಸಾಯನಶಾಸ್ತ್ರದ ಅಧ್ಯಾಪಕರಿಗಾಗಿ ಒಂದು ವಿಚಾರ ಸಂಕಿರಣ ಏರ್ಪಾಡಾಗಿತ್ತು. ಯಾರು ಬೇಕಾದರೂ ಪ್ರಬಂಧ ಕಳಿಸಬಹುದು. ನಾನು ನೋಟ್ ಪುಸ್ತಕ ತೆರೆದು, ಮೂರು ವಿಧಾನಗಳನ್ನು ಹೋಲಿಸಿ, ಕೊನೆಯದೇ ಉತ್ತಮವೆಂದು ಇಂಗ್ಲಿಷಿನಲ್ಲಿ ಬರೆದೆ. ಬಸ್ ಸ್ಟ್ಯಾಂಡಿನ ಹತ್ತಿರ ಟೈಪ್ ಮಾಡುವವನೊಬ್ಬನಿದ್ದ. ನಾನು ಹಾಳೆಗಳನ್ನು ಕೊಡುವಾಗ ಅವನು ಮೊದಲ ಪುಟ ನೋಡಿ ಕೇಳಿದ:

“ಹೆಸರು ಒಂದೇನಾ ಸಾರ್?”

ಬಹುಶಃ ಅವನು ಜಾಗ ಎಷ್ಟು ಬಿಡಬೇಕೆಂದು ತಿಳಿಯಲು ಕೇಳಿದ್ದ, ಅಷ್ಟೇ. ಏಳನೇ ಕ್ಲಾಸು ಓದಿದ ಅಟೆಂಡರ್ ಹೆಸರು ಹಾಕಿದರೆ ಪ್ರಬಂಧವನ್ನೇ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ, “ಒಂದೇ” ಎಂದೆ. ಕೊನೆಯ ಪುಟದಲ್ಲಿ, ಸಹಕರಿಸಿದ ‘ಲ್ಯಾಬೊರೇಟರಿ ಸ್ಟಾಫ್’ಗೆ ಕೃತಜ್ಞತೆ ಎಂದು ಒಂದು ಸಾಲು ಸೇರಿಸಿದ್ದೆ. ಅದರಿಂದ ಮನಸ್ಸಿಗೆ ಸಮಾಧಾನವೂ ಆಗಿತ್ತು.

ಸಂಕಿರಣದ ದಿನ ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ಬಂದರೆ ಅವರು ಅಲ್ಲಿ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ. ಕೈಯಲ್ಲಿ ಬಿಸ್ಕತ್ತಿನ ಒಂದು ಹಳೆಯ ತಗಡಿನ ಡಬ್ಬಿ, ಅದರೊಳಗೆ ಹತ್ತಿ ತುಂಬಿ ಶೀಶೆ ಮಲಗಿಸಿದ್ದರು.

“ನೀನ್ಯಾಕೆ ಬಂದೆ?”

“ಬಾಟ್ಲಿ ಹಿಡ್ಕೊಳ್ಳೋಕೆ ಒಬ್ರು ಬೇಕಲ್ಲ ಸಾರ್. ಬಸ್ಸು ಕುಲುಕುತ್ತೆ.”

“ಬೇಡ ಬೇಡ. ಇವತ್ತು ಹುಡುಗರಿಗೆ ಪ್ರಾಕ್ಟಿಕಲ್ಸ್ ಇದೆ. ನೀನು ಕಾಲೇಜಿಗೆ ಹೋಗು.”

ನಾನು ಬ್ಯಾಗಿನಿಂದ ಥರ್ಮಾಕೋಲಿನ ಬೆಳ್ಳನೆಯ ಪೆಟ್ಟಿಗೆ ತೆಗೆದೆ. ದೊಡ್ಡ ದೊಡ್ಡ ಪ್ರೊಫೆಸರುಗಳ ಮುಂದೆ ಬಿಸ್ಕತ್ತಿನ ಡಬ್ಬಿ ಇಡಲು ನನಗೆ ಸಂಕೋಚ. ಅದನ್ನು ನೋಡಿ ಅವರು, “ಥರ್ಮಾಕೋಲ್ ಬೇಡಿ ಸಾರ್, ಈ ಎಣ್ಣೆ ತಾಕಿದ್ರೆ ಅದು ಕರಗೋಗುತ್ತೆ. ನಾನು ನೋಡಿದ್ದೀನಿ” ಎಂದರು. ಬಿರಟೆ ಬಿಗಿಯಾಗಿದೆ, ಏನೂ ಆಗುವುದಿಲ್ಲ ಎಂದು ಹೇಳಿ, ಶೀಶೆಯನ್ನು ಪೆಟ್ಟಿಗೆಗೆ ಬದಲಾಯಿಸಿಕೊಂಡು ಬಸ್ ಹತ್ತಿದೆ. ಬಸ್ಸು ಹೊರಟಾಗ ಅವರು ಖಾಲಿ ಡಬ್ಬಿಯನ್ನು ಎದೆಗೆ ಆನಿಸಿಕೊಂಡು, ಎಲ್ಲರೂ ಇಳಿದು ಹತ್ತುವ ಆ ಗದ್ದಲದ ನಡುವೆ ನಿಂತೇ ಇದ್ದರು.

ಬಸ್ಸು ಕುಲುಕಿತು. ಬಿರಟೆ ಸಡಿಲವಾಯಿತು. ಬೆಂಗಳೂರಿನಲ್ಲಿ ಇಳಿದು ಪೆಟ್ಟಿಗೆ ತೆರೆದರೆ ಶೀಶೆಯ ಸುತ್ತ ಥರ್ಮಾಕೋಲ್ ಕರಗಿ ಗುಂಡಿಯಾಗಿತ್ತು, ಅರ್ಧ ಎಣ್ಣೆ ಹೋಗಿತ್ತು. ಎರಡು ತಿಂಗಳ ಸಂಜೆಗಳಲ್ಲಿ ಅರ್ಧ. ಉಳಿದರ್ಧವನ್ನು ಕರ್ಚೀಫಿನಲ್ಲಿ ಸುತ್ತಿ ಸಭೆಗೆ ಒಯ್ದೆ. ಪ್ರಬಂಧ ಓದಿ ಮುಗಿಸಿದ ಮೇಲೆ ಶೀಶೆ ಕೈಯಿಂದ ಕೈಗೆ ಹೋಯಿತು. ಮೂಸಿದವರ ಮುಖವೆಲ್ಲ ಒಂದೊಂದಾಗಿ ಅರಳುವುದನ್ನು ನಾನು ವೇದಿಕೆಯ ಮೇಲೆ ನಿಂತು ನೋಡಿದೆ. ಮುಂದಿನ ಸಾಲಿನಲ್ಲಿದ್ದ ಹಿರಿಯ ಪ್ರೊಫೆಸರೊಬ್ಬರು ಎದ್ದು ನಿಂತು ಕೇಳಿದರು:

“ತುಂಬ ಚೆನ್ನಾಗಿದೆ. ಸುಣ್ಣದ ನೀರಿನ ಯೋಚನೆ ನಿಮಗೆ ಹೇಗೆ ಬಂತು?”

ಆಗಲೂ ಸಮಯವಿತ್ತು. ನಮ್ಮ ಅಟೆಂಡರ್ ಹೇಳಿದರು ಎಂಬ ಮೂರು ಪದ ಸಾಕಾಗಿತ್ತು. ನಾನು ಹೇಳಿದ್ದು ಬೇರೆ. ಬಾಲ್ಯದಲ್ಲಿ ನಮ್ಮ ಬೀದಿಯಲ್ಲಿ ಪೇಠ ಮಾಡುವವರಿದ್ದರು, ಬೂದುಗುಂಬಳದ ಹೋಳುಗಳನ್ನು ಸುಣ್ಣದ ನೀರಿಗೆ ಹಾಕುವುದನ್ನು ಕುತೂಹಲದಿಂದ ನೋಡುತ್ತಾ ನಿಲ್ಲುತ್ತಿದ್ದೆ, ಆ ಸವಿನೆನಪೇ ದಾರಿ ತೋರಿಸಿತು ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ, ಹೇಳುವಾಗ ನನಗೇ ಆ ಅಂಗಡಿ ಕಣ್ಣಿಗೆ ಕಟ್ಟಿತು. ಜನ ನಕ್ಕು ಚಪ್ಪಾಳೆ ತಟ್ಟಿದರು. ಪ್ರೊಫೆಸರು ಎಣ್ಣೆಯನ್ನು ಪರೀಕ್ಷೆಗೆಂದು ತಾವೇ ಇಟ್ಟುಕೊಂಡರು. ನೀವು ನನ್ನ ಹತ್ತಿರ ಸಂಶೋಧನೆಗೆ ಯಾಕೆ ಬರಬಾರದು ಎಂದು ಕೇಳಿದರು. ಪ್ರಬಂಧ ಅಚ್ಚಾಗುವಾಗ ಆ ಬಾಲ್ಯದ ಕಥೆಯನ್ನೂ ಮೊದಲಿಗೆ ಸೇರಿಸಿ ಎಂದರು. ಸೇರಿಸಿದೆ.

ಮಾರನೆಯ ದಿನ ಲ್ಯಾಬಿನಲ್ಲಿ ಅವರು ಕಾದಿದ್ದರು.

“ಮೂಸಿ ನೋಡಿದ್ರಾ ಸಾರ್ ಅವರೆಲ್ಲಾ?”

“ನೋಡಿದರು.”

“ಬೆಂದಿದೆ ಅಂತ ಯಾರಾದ್ರೂ ಅಂದ್ರಾ?”

“ಇಲ್ಲ. ಮರದಿಂದ ಆಗತಾನೆ ಕಿತ್ತ ಹಾಗಿದೆ ಅಂದರು.”

ಅವರು ತಲೆಯಾಡಿಸಿದರು. ಮುಖದಲ್ಲಿ ಎಂಥ ಸಂತೋಷ ಮೂಡಿತೆಂದರೆ, ಶೀಶೆ ಎಲ್ಲಿ ಎಂದು ಕೇಳುವುದನ್ನೂ ಮರೆತರು. ಅಥವಾ ಕೇಳಬಾರದೆಂದು ಸುಮ್ಮನಾದರೋ.

ಕೆಲವು ತಿಂಗಳ ನಂತರ ಅಚ್ಚಾದ ಪುಸ್ತಕ ಟಪಾಲಿನಲ್ಲಿ ಬಂತು. ಕಾಲೇಜಿನ ಟಪಾಲನ್ನು ಹಂಚುವುದೂ ಅವರದೇ ಕೆಲಸ. ಲಕೋಟೆ ತಂದು ಕೊಟ್ಟು, ನಾನು ಬಿಡಿಸಿ ಪುಟ ತೆರೆಯುವ ತನಕ ಅಲ್ಲೇ ನಿಂತರು. ಬಾಟಲಿ ಚೀಟಿ ಓದುವ ಹಾಗೆ ಒಂದೊಂದೇ ಅಕ್ಷರ ಕೂಡಿಸಿ ನನ್ನ ಹೆಸರು ಓದಿದರು.

“ನಿಮ್ ಹೆಸರು ದಪ್ಪಕ್ಷರದಲ್ಲಿ ಚೆನ್ನಾಗಿ ಬಂದಿದೆ ಸಾರ್.”

“ಹ್ಞೂಂ.”

“ನಮ್ದು ಎಲ್ಲಾದ್ರೂ ಇದ್ಯಾ?”

ನಾನು ಬೇಗಬೇಗ ಕೊನೆಯ ಪುಟ ತೆರೆದು ತೋರಿಸಿದೆ. “ಇಲ್ನೋಡು. ‘ಲ್ಯಾಬೊರೇಟರಿ ಸ್ಟಾಫ್’ ಅಂತ.”

ಆ ಎರಡು ಪದದ ಕೆಳಗೆ ಅವರ ಹಳದಿ ಬೆರಳು ಎಡದಿಂದ ಬಲಕ್ಕೆ ಸರಿಯಿತು.

“ಅದು ನಾನೇನಾ ಸಾರ್?”

“ನೀನೇ.”

“ಸರಿ ಸಾರ್” ಎಂದು ಉಳಿದ ಟಪಾಲು ತೆಗೆದುಕೊಂಡು ಹೋದರು.

ಆಮೇಲೆ ಅವರು ಕೆಲಸದಲ್ಲಿ ಒಂದು ತಪ್ಪೂ ಮಾಡಲಿಲ್ಲ. ನನ್ನ ದ್ರಾವಣಗಳು ಎಂದಿನಂತೆ ಸಿದ್ಧವಾಗಿರುತ್ತಿದ್ದವು, ಗಾಜು ಹೊಳೆಯುತ್ತಿತ್ತು. ಆದರೆ ಸಂಜೆ ನಾಲ್ಕಕ್ಕೆ ಸರಿಯಾಗಿ ಬೀಗ ಹಾಕಿ, ಕೀಲಿಯನ್ನು ಆಫೀಸಿಗೆ ಕೊಟ್ಟು ಮನೆಗೆ ಹೊರಡತೊಡಗಿದರು. ನಾನು ಕೂರಬೇಕೆಂದರೆ ಕೀಲಿ ಕೇಳಿ ತೆಗೆದುಕೊಳ್ಳಬೇಕಿತ್ತು. ಒಂದೆರಡು ಸಲ ಹಾಗೆ ಕೂತೆ. ಅಷ್ಟು ದೊಡ್ಡ ಕೋಣೆಯಲ್ಲಿ ಒಬ್ಬನೇ ಕೂರುವುದು ಎಂದರೆ ಏನೆಂದು ಆಗ ನನಗೆ ಗೊತ್ತಾಯಿತು. ಮುಂದಿನ ವರ್ಷ ಚಕ್ಕೋತದ ಕುಕ್ಕೆ ಬಂತು. ಎಲ್ಲರೂ ತಿಂದರು. ಸಿಪ್ಪೆ ಮೈದಾನದ ಮೂಲೆಯಲ್ಲಿ ಬಿದ್ದು ಒಣಗಿತು. ಯಾರೂ ಆರಿಸಲಿಲ್ಲ.

ನಾನು ಸಂಶೋಧನೆಗೆಂದು ಬೆಂಗಳೂರು ಸೇರಿದೆ. ಡಾಕ್ಟರೇಟ್ ಬಂತು, ದೊಡ್ಡ ಕಾಲೇಜಿನಲ್ಲಿ ಕೆಲಸ ಬಂತು. ಎಲ್ಲಕ್ಕೂ ಮೊದಲ ಮೆಟ್ಟಿಲು ಆ ಪ್ರಬಂಧವೇ. ನಿಂಬೆ, ಕಿತ್ತಳೆ, ಮೂಸಂಬಿ ಎಂದು ಸಿಪ್ಪೆಗಳ ಮೇಲೆಯೇ ಹಲವು ವರ್ಷ ಕೆಲಸ ಮಾಡಿದೆ. ಎಲ್ಲಿ ಭಾಷಣಕ್ಕೆ ಕರೆದರೂ ಪೇಠದ ಕಥೆ ಹೇಳಿ ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ಹೇಳಿ ಇಳಿದು ಬಂದಾಗಲೆಲ್ಲ ಯಾರ ಜೊತೆಗೂ ಮಾತು ಬೇಡವೆನ್ನಿಸಿ ಮೊದಲು ಸಿಕ್ಕಿದ ಬಸ್ ಹತ್ತಿ ಹೊರಟುಬಿಡುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ದೇವನಹಳ್ಳಿಯ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಒಂದು ಮದುವೆಮನೆಯಲ್ಲಿ ಸಿಕ್ಕರು. ಅಟೆಂಡರ್ ರಿಟೈರಾಗಿ ವಿಜಯಪುರದಲ್ಲಿ ಮಗಳ ಮನೆ ಸೇರಿದ್ದಾರೆ, ಉಬ್ಬಸ ಜಾಸ್ತಿಯಾಗಿದೆ, ಬಹಳ ದಿನ ಇರಲಾರರು ಎಂದರು. ಮುಂದಿನ ಭಾನುವಾರವೇ ಹೋದೆ.

ಬೀದಿಯ ಉದ್ದಕ್ಕೂ ಗೂಡು ಬೇಯುವ ವಾಸನೆ. ಮನೆಯ ಜಗುಲಿಯ ಮೇಲೆ ಹಗ್ಗದ ಮಂಚ, ಅದರ ಮೇಲೆ ಎರಡು ದಿಂಬಿಗೆ ಒರಗಿ ಅವರು ಕೂತಿದ್ದರು. ಮಗಳು, ಅಳಿಯ ನೂಲು ತೆಗೆಯುವ ಶೆಡ್ಡಿಗೆ ಹೋಗಿದ್ದರು. ಮನೆಯಲ್ಲಿ ಅವರು ಒಬ್ಬರೇ. ಬೆರಳ ತುದಿಗಳು ಎಲ್ಲರ ಬೆರಳಿನ ಹಾಗೆ ಆಗಿದ್ದವು. ನನ್ನನ್ನು ಕಂಡು ಏಳಲು ಹೋದರು. ನಾನು ಭುಜ ಹಿಡಿದು ಕೂರಿಸಿದೆ.

“ಹೇಗಿದ್ದೀರಿ?”

ಅವರು ನಕ್ಕರು. ನಗುವಿನಿಂದ ಕೆಮ್ಮು ಬಂತು. “ಏನ್ ಸಾರ್, ಮಂಚ ಹಿಡಿದ ಮೇಲೆ ‘ನೀವು’ ಆಗ್ಬಿಟ್ನಾ?”

ಬಂದ ಕಾರಣವನ್ನು ಒಡನೆ ಹೇಳಿಬಿಡಬೇಕು, ಸುತ್ತಿ ಬಳಸಿದರೆ ಬಾಯಿ ಬರುವುದಿಲ್ಲ ಎಂದು ಗೊತ್ತಿತ್ತು. “ಆ ಪುಸ್ತಕದಲ್ಲಿ ನಿಮ್ಮ ಹೆಸರು ಹಾಕಬೇಕಿತ್ತು. ನಾನು ಹಾಕಲಿಲ್ಲ. ತಪ್ಪು ಮಾಡಿದೆ” ಎಂದೆ.

ಅವರು ದಿಂಬನ್ನು ಸರಿಮಾಡಿಕೊಂಡು ನೆಟ್ಟಗೆ ಕೂತರು.

“ಹೆಸರು ಬಿಡಿ ಸಾರ್. ಹೆಸರಿಲ್ದೇನೇ ಅಷ್ಟು ವರ್ಷ ಲ್ಯಾಬಲ್ಲಿ ಕಳೆದೆ. ಪುಸ್ತಕ ಬಂದ ದಿನಾನೇ ಅದನ್ನ ಇಂಗ್ಲಿಷ್ ಮೇಷ್ಟ್ರ ಹತ್ರ ಪೂರ್ತಿ ಓದಿಸ್ದೆ. ಪೇಠದ ಅಂಗಡಿ ನಿಮ್ಮ ಬೀದೀಲಿತ್ತು ಅಂತ ಬರ್ದಿದ್ರಂತೆ. ಸವಿನೆನಪು ಅಂತ.”

ನಾನು ತಲೆ ತಗ್ಗಿಸಿದೆ.

“ನಂಗೆ ಆಗ ಏಳೋ ಎಂಟೋ ವರ್ಷ ಸಾರ್. ನಮ್ಮಪ್ಪ ಹೋದ ಮೇಲೆ ಅಲ್ಲಿಗೆ ಸೇರಿಸಿದ್ರು. ಬೆಳಗಿಂದ ಸಂಜೆ ತನಕ ಸುಣ್ಣದ ನೀರಿಗೆ ಕೈ ಹಾಕಿ ಹೋಳು ತಿರುವಬೇಕು. ಬೆರಳ ಸಂದೀಲೆಲ್ಲಾ ಒಡೆದು ರಕ್ತ ಬರೋದು. ಅವ್ವ ಕೊಬ್ರಿ ಎಣ್ಣೆ ಹಚ್ಚಿ ಬಟ್ಟೆ ಸುತ್ತೋಳು. ಎಲ್ಲರೂ ಪೇಠ ತಿಂತಿದ್ರು, ನಂಗೆ ಅದರ ವಾಸನೆ ಕಂಡ್ರೇ ಆಗ್ತಿರ್ಲಿಲ್ಲ. ಅದರಲ್ಲಿ ಸವಿ ಎಲ್ಲಿತ್ತು ಸಾರ್?”

ದನಿ ಏರಿಸಲಿಲ್ಲ. ನಿಜವಾಗಿ ತಿಳಿಯಲು ಕೇಳಿದವರ ಹಾಗೆ ಕೇಳಿದರು.

“ನಾನು ಅವರಿಗೆ ಬರೆಯುತ್ತೇನೆ. ತಿದ್ದುಪಡಿ ಹಾಕಿಸುತ್ತೇನೆ. ನಿಮ್ಮ ಹೆಸರು ಬರುತ್ತೆ” ಎಂದೆ.

“ಈಗ ಬೇಡಿ ಸಾರ್. ಈಗ ಹಾಕಿದ್ರೆ ನಿಮ್ಗೆ ಹಗುರಾಗುತ್ತೆ, ನಂಗೇನೂ ಆಗಲ್ಲ. ಎಲ್ಲೂ ಬರೀಬೇಡಿ.” ಆಮೇಲೆ, “ಕೂತಿರಿ, ಮಗಳು ಬರ್ತಾಳೆ. ಕಾಫಿ ಕುಡ್ಕೊಂಡು ಹೋಗಿ” ಎಂದರು.

ನನಗೆ ಕೂರಲಾಗಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಸುಳ್ಳು ಹೇಳಿ ಎದ್ದೆ. ಅವರ ಹೆಸರನ್ನು ನಾನು ಇಲ್ಲಿ ಬರೆಯದಿರುವುದಕ್ಕೆ ಕಾರಣ ಅದು. ಅವರು ಬೇಡವೆಂದರು.

ಸಂಕ್ರಾಂತಿ ಕಳೆದ ಮೇಲೆ ಇಂಗ್ಲಿಷ್ ಮೇಷ್ಟ್ರು ಫೋನ್ ಮಾಡಿ ಅವರು ಹೋದರೆಂದು ತಿಳಿಸಿದರು. ನಾನು ತಲುಪುವಾಗ ಎಲ್ಲ ಮುಗಿದಿತ್ತು. ಬಂದವರು ಹೊರಟುಹೋಗಿದ್ದರು. ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಮಗಳನ್ನು ಆವತ್ತೇ ಮೊದಲು ನೋಡಿದ್ದು, ಸುಮಾರು ನನ್ನ ವಯಸ್ಸಿನವರು. ನಾನು ಯಾರೆಂದು ಹೇಳಿದ ಕೂಡಲೇ ಕಣ್ಣೊರೆಸಿಕೊಂಡು ಜಗುಲಿಯ ಮೇಲೆ ಚಾಪೆ ಹಾಸಿದರು.

“ನೀವೇನಾ ಸಾರ್ ಅದು? ಅಪ್ಪ ಯಾವಾಗ್ಲೂ ನಿಮ್ ವಿಷ್ಯ ಹೇಳ್ತಿದ್ರು. ನಮ್ ಸಾರು ದೊಡ್ಡ ಪ್ರೊಫೆಸರ್ರು, ಚಕ್ಕೋತದಿಂದ ಎಣ್ಣೆ ತೆಗೆಯೋದು ಕಂಡುಹಿಡಿದೋರು, ನಾನೂ ಪಕ್ಕದಲ್ಲಿ ನಿಂತು ನೋಡಿದ್ದೀನಿ ಅಂತ. ನಮ್ ಮಕ್ಕಳಿಗೂ ಅದೇ ಕಥೆ.”

ಅವರು ತಮ್ಮ ಮನೆಯೊಳಗೂ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ಬರೆಯಬೇಡಿ ಎಂದಿದ್ದರು, ಹೇಳಬೇಡಿ ಎಂದಿರಲಿಲ್ಲ.

“ಇಲ್ಲಮ್ಮಾ. ಕಂಡುಹಿಡಿದವರು ನಿಮ್ಮ ತಂದೆ. ಪಕ್ಕದಲ್ಲಿ ನಿಂತು ನೋಡಿದವನು ನಾನು. ಆಮೇಲೆ ಅದು ನನ್ನದು ಅಂತ ಹೇಳಿಕೊಂಡೆ” ಎಂದೆ.

ಆಕೆ ನನ್ನ ಮುಖವನ್ನೇ ನೋಡಿದರು.

“ಅಪ್ಪಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಮೊದಲಿಂದಾನೂ?”

“ಮೊದಲಿಂದಾನೂ.”

ಇನ್ನೇನೋ ಕೇಳುತ್ತಾರೆ ಎಂದುಕೊಂಡೆ. ಬೈಯಲಿ ಎಂದೂ ಅನ್ನಿಸಿತು. ಆಕೆ ಸೆರಗು ಎಳೆದುಕೊಂಡು ಎದ್ದು ಒಳಗೆ ಹೋದರು. ಬಾಗಿಲು ಹಾಕಲಿಲ್ಲ, ಮತ್ತೆ ಹೊರಗೆ ಬರಲೂ ಇಲ್ಲ. ಬಿಸಿಲು ಜಗುಲಿಯಿಂದ ಇಳಿಯುವ ತನಕ ನಾನು ಆ ಚಾಪೆಯ ಮೇಲೆ ಕೂತಿದ್ದೆ. ಆಮೇಲೆ ಚಾಪೆ ಸುತ್ತಿ ಗೋಡೆಯ ಪಕ್ಕಕ್ಕಿಟ್ಟು ಬಸ್ ಸ್ಟ್ಯಾಂಡಿನ ಕಡೆಗೆ ನಡೆದೆ.